ಬೆಂಕಿ ಆರಿಸಿದ ಅಪ್ಪ, ಬೆಂಕಿ ಕೇಳುವ ಮರ

ಸೆಕ್ವೋಯಾ ಎಂಬ ದೈತ್ಯ ಮರಗಳಿರುವ ಕ್ಯಾಲಿಫೋರ್ನಿಯಾದ ಸೆಕ್ವೋಯಾ ನ್ಯಾಷನಲ್ ಪಾರ್ಕಿಗೆ ಆರ್‌ವಿ, ಅಂದರೆ ಒಳಗೇ ಅಡುಗೆ ಮಾಡಿ ಮಲಗುವ ಗಾಡಿ, ತೆಗೆದುಕೊಂಡು ಹೋಗುವವರು ಮೊದಲು ನೋಡಬೇಕಾದದ್ದು ಗಾಡಿಯ ಉದ್ದ. ತ್ರೀ ರಿವರ್ಸ್ ಊರಿನ ಕಡೆಯಿಂದ ಬೆಟ್ಟ ಹತ್ತುವ ರಸ್ತೆ ಬಹಳ ಕಿರಿದು, ತಿರುವುಗಳೂ ಬಿಗಿ. ಪಾಟ್‌ವಿಶಾ ಕ್ಯಾಂಪಿನಿಂದ ಮೇಲೆ ಜೈಂಟ್ ಫಾರೆಸ್ಟ್ ಎಂಬ ಸೆಕ್ವೋಯಾ ತೋಪಿನವರೆಗೆ 22 ಅಡಿಗಿಂತ ಉದ್ದದ ಗಾಡಿ ತರಬೇಡಿ ಎಂದು ಪಾರ್ಕಿನವರೇ ಹೇಳುತ್ತಾರೆ. ನಾವು ಬಾಡಿಗೆಗೆ ಹಿಡಿದದ್ದು 25 ಅಡಿಯದು. ಹಾಗಾಗಿ ಫ್ರೆಸ್ನೋ ಮೇಲೆ 180ನೇ ಹೆದ್ದಾರಿ ಹಿಡಿದು, ಉತ್ತರದ ಬಿಗ್ ಸ್ಟಂಪ್ ಗೇಟಿನಿಂದ ಒಳಗೆ ಹೋದೆವು.

ಈ ಸುತ್ತುದಾರಿಯೇ ಸರಿಯಾದ ದಾರಿ ಎಂದು ಈಗ ನನಗೆ ಅನ್ನಿಸುತ್ತದೆ. ಚಿಕ್ಕ ಕಾರಿನಲ್ಲಿ ಹೋಗುವ ಸ್ನೇಹಿತರಿಗೂ ಇದನ್ನೇ ಹೇಳುತ್ತೇನೆ. ಈ ಗೇಟು ದಾಟಿದ ಕೂಡಲೇ ಸಿಗುವುದು ಕಡಿದ ಮರಗಳ ಬುಡಗಳು. ಅವನ್ನು ನೋಡಿಕೊಂಡೇ ನಿಂತಿರುವ ಮರಗಳ ಹತ್ತಿರ ಹೋಗಬೇಕು.

ಗಾಡಿಯಲ್ಲಿ ನಾನು, ನನ್ನ ಗಂಡ, ಮಗಳು, ಜೊತೆಗೆ ಬೇಸಿಗೆ ಕಳೆಯಲು ಚಾಮರಾಜನಗರದಿಂದ ಬಂದಿದ್ದ ಅಪ್ಪ, ಅಮ್ಮ. ಅಪ್ಪ ಕಾಡಿನ ಕೆಲಸದವರು. ಗಾರ್ಡ್ ಆಗಿ ಸೇರಿ ಫಾರೆಸ್ಟರ್ ಆಗಿ ನಿವೃತ್ತರಾದರು. ಹೆಚ್ಚು ವರ್ಷ ಇದ್ದದ್ದು ಬಿಳಿಗಿರಿರಂಗನ ಬೆಟ್ಟದ ಸುತ್ತಮುತ್ತ. ನಮ್ಮ ಮನೆಯಲ್ಲಿ ಬೇಸಿಗೆಯೆಂದರೆ ಬೆಂಕಿಯ ಕಾಲ. ಸಂಕ್ರಾಂತಿ ಕಳೆಯುತ್ತಿದ್ದ ಹಾಗೆ ಫೈರ್ ಲೈನ್ ಕೆಲಸ ಶುರು. ಕಾಡಿನ ದಾರಿಯ ಎರಡೂ ಪಕ್ಕ ಹುಲ್ಲು, ತರಗು ತೆಗೆದು, ಬೆಂಕಿ ಆಚೆಯಿಂದ ಈಚೆ ದಾಟದ ಹಾಗೆ ನೆಲವನ್ನು ಬೋಳು ಮಾಡುವುದು. ಆಮೇಲೆ ಮಳೆ ಬೀಳುವವರೆಗೆ ಅಪ್ಪ ಮನೆಗೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಎಲ್ಲೋ ಹೊಗೆ ಕಂಡರೆ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಓಡಬೇಕು, ಬಡಿದು ಬಡಿದು ಆರಿಸಬೇಕು. ಅಂಗಿಗೆ ಹತ್ತಿದ ಹೊಗೆವಾಸನೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ ಎಂದು ಅಮ್ಮ ಇವತ್ತಿಗೂ ಹೇಳುತ್ತಾರೆ. ಇಂಥ ಮನುಷ್ಯನನ್ನು ಬೆಂಕಿಯಿಂದಲೇ ಹುಟ್ಟುವ ಕಾಡಿಗೆ ಕರೆದುಕೊಂಡು ಹೋಗುತ್ತಿದ್ದೆ.

ಬಿಗ್ ಸ್ಟಂಪ್‌ನಲ್ಲಿ ಒಂದು ಬುಡ ಇದೆ, ಮಾರ್ಕ್ ಟ್ವೇನ್ ಸ್ಟಂಪ್ ಎಂದು ಹೆಸರು. ಮರವನ್ನು 1891ರಲ್ಲಿ ಕಡಿದರು. ಕಾರಣ ಕೇಳಿದರೆ ಸಂಕಟವಾಗುತ್ತದೆ. ಇಂಥ ಮರ ಇದೆ ಎಂದರೆ ದೂರದ ಜನ ನಂಬುವುದಿಲ್ಲ, ಕೊಯ್ದ ತುಂಡನ್ನೇ ತೋರಿಸೋಣ ಎಂದು ಕಡಿದರು. ಒಂದು ಅಡ್ಡ ಬಿಲ್ಲೆ ನ್ಯೂಯಾರ್ಕಿನ ಮ್ಯೂಸಿಯಮ್ಮಿಗೆ ಹೋಯಿತು, ಇನ್ನೊಂದು ಲಂಡನ್ನಿಗೆ. 1,300ಕ್ಕೂ ಜಾಸ್ತಿ ವರ್ಷ ಬದುಕಿದ್ದ ಮರ. ಈಗ ಬುಡದ ಮೇಲೆ ಹತ್ತಲು ಮೆಟ್ಟಿಲು ಮಾಡಿದ್ದಾರೆ. ಮಗಳು ಹತ್ತಿ ಅದರ ಮೇಲೆ ಅಡ್ಡಡ್ಡ ನಡೆದಳು. ಅಪ್ಪ ಹತ್ತಲಿಲ್ಲ. ಸುತ್ತ ನಡೆದು, ಗರಗಸದ ಗೆರೆಗಳನ್ನು ನೋಡಿ, "ಇದರ ಮರದಿಂದ ಏನು ಮಾಡಿದರು?" ಎಂದು ಕೇಳಿದರು.

ಬೇಲಿ ಗೂಟ, ಮಾಡಿಗೆ ಹೊದಿಸುವ ಹಲಗೆ, ದ್ರಾಕ್ಷಿ ಬಳ್ಳಿಗೆ ನೆಡುವ ಕೋಲು. ಬೀಟೆ, ತೇಗ, ಹೊನ್ನೆ ಅಳೆದ ಕೈಗೆ ಇದು ನಂಬುವ ಮಾತಾಗಿರಲಿಲ್ಲ. ಆದರೆ ನಿಜ. ಮುದಿ ಸೆಕ್ವೋಯಾದ ಮರ ಪೆಡಸು. ಅಷ್ಟು ತೂಕದ ಮರ ನೆಲಕ್ಕೆ ಬಿದ್ದ ರಭಸಕ್ಕೆ ಚೂರುಚೂರಾಗುತ್ತಿತ್ತು. ಹಳ್ಳಕ್ಕೆ ಸೊಪ್ಪು ಹಾಸಿ ಮೆತ್ತಗೆ ಬೀಳಿಸಲು ನೋಡಿದರು, ಆದರೂ ಬಹಳಷ್ಟು ಒಡೆದೇ ಹೋಯಿತು. ಹತ್ತಿರದ ಕಾನ್ವರ್ಸ್ ಬೇಸಿನ್ನಿನಲ್ಲಿ ಒಂದು ಇಡೀ ತೋಪು ಹೀಗೆ ಹೋಗಿದೆ. ಅದೊಂದು ಕಾಲದಲ್ಲಿ ಜಗತ್ತಿನ ಅತಿ ದೊಡ್ಡ ಸೆಕ್ವೋಯಾ ತೋಪುಗಳಲ್ಲಿ ಒಂದು. ಕಡಿದವರಿಗೆ ಲಾಭವೂ ಸರಿಯಾಗಿ ಸಿಗಲಿಲ್ಲ. ನಾಟಾ ಆಗದ ಮರವನ್ನು ಸುಮ್ನೆ ಉರುಳಿಸಿ ಬಿಟ್ಟರಲ್ಲ ಎಂದು ಅಪ್ಪ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು.

ಗ್ರ್ಯಾಂಟ್ ಗ್ರೋವ್ ಎಂಬ ತೋಪಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಜನರಲ್ ಗ್ರ್ಯಾಂಟ್ ಮರವನ್ನು 1926ರಲ್ಲಿ ದೇಶದ ಕ್ರಿಸ್ಮಸ್ ಮರ ಎಂದು ಘೋಷಿಸಿದ್ದಾರೆ, ಆದ್ದರಿಂದ ಅಲ್ಲಿ ಯಾವಾಗಲೂ ಜನ. ಅಮ್ಮನಿಗೆ ಇಷ್ಟವಾದದ್ದು ಪಕ್ಕದಲ್ಲಿ ಬಿದ್ದಿರುವ ಟೊಳ್ಳು ಮರ. ಒಳಗೆ ತಲೆ ಬಗ್ಗಿಸದೆ ಈ ತುದಿಯಿಂದ ಆ ತುದಿಗೆ ನಡೆಯಬಹುದು. ಹಿಂದೆ ಸೈನ್ಯದವರು ಅದರಲ್ಲಿ ಕುದುರೆ ಕಟ್ಟುತ್ತಿದ್ದರಂತೆ.

ಅಲ್ಲಿಂದ ಜನರಲ್ಸ್ ಹೈವೇ ಹಿಡಿದು ದಕ್ಷಿಣಕ್ಕೆ ಹೊರಟರೆ ಸ್ವಲ್ಪ ದೂರದಲ್ಲೇ ರೆಡ್‌ವುಡ್ ಮೌಂಟನ್ ತೋಪು ಕಣಿವೆಯಲ್ಲಿ ಕಾಣುತ್ತದೆ. ನನ್ನ ಗಂಡ ಗಾಡಿ ಪಕ್ಕಕ್ಕೆ ಹಾಕಿದ. ಎಲ್ಲರೂ ಇಳಿದೆವು, ಯಾರೂ ಮಾತಾಡಲಿಲ್ಲ. ಗುಡ್ಡದ ಗುಡ್ಡಗಳೇ ಕಪ್ಪು ಕಂಬಗಳು. ನಡುನಡುವೆ ತಲೆ ಸುಟ್ಟ ದೊಡ್ಡ ಸೆಕ್ವೋಯಾಗಳು. 2021ರ ಸೆಪ್ಟೆಂಬರಿನಲ್ಲಿ ಸಿಡಿಲಿನಿಂದ ಹತ್ತಿದ, ಕೆಎನ್‌ಪಿ ಕಾಂಪ್ಲೆಕ್ಸ್ ಎಂದು ಹೆಸರಿಟ್ಟ ಬೆಂಕಿ ಇಲ್ಲಿ ಹಾದುಹೋಗಿದೆ. ಒಟ್ಟು 88 ಸಾವಿರ ಎಕರೆ ಸುಟ್ಟ ಬೆಂಕಿ ಅದು. ಅದರ ಹಿಂದಿನ ವರ್ಷ, 2020ರಲ್ಲಿ, ಕ್ಯಾಸಲ್ ಎಂಬ ಹೆಸರಿನ ಬೆಂಕಿ ಬಂದಿತ್ತು. ಆ ಎರಡು ವರ್ಷಗಳಲ್ಲಿ ಭೂಮಿಯ ಮೇಲಿನ ಎಲ್ಲ ದೊಡ್ಡ ಸೆಕ್ವೋಯಾಗಳಲ್ಲಿ ಶೇಕಡ 13ರಿಂದ 19ರಷ್ಟು ಸತ್ತವು ಅಥವಾ ಸಾಯುವ ಸ್ಥಿತಿಗೆ ಬಂದವು ಎಂದು ಪಾರ್ಕಿನ ಅಂದಾಜು. ಈ ಮರಗಳು ತಾವಾಗಿ ಬೆಳೆಯುವುದು ಸಿಯೆರ್ರಾ ನೆವಾಡಾ ಬೆಟ್ಟಸಾಲಿನ ಪಶ್ಚಿಮದ ಇಳಿಜಾರಿನಲ್ಲಿ ಮಾತ್ರ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಸಾವಿರ, ಎರಡು ಸಾವಿರ ವರ್ಷ ಎಷ್ಟೋ ಬೆಂಕಿ ಕಂಡು ಬದುಕಿದವು ಎರಡೇ ಬೇಸಿಗೆಯಲ್ಲಿ ಹೋದವು.

"ಇದು ನೆಲದ ಬೆಂಕಿ ಅಲ್ಲ, ತಲೆಗೆ ಹತ್ತಿದ ಬೆಂಕಿ," ಎಂದರು ಅಪ್ಪ. ನೋಡಿದ ಕೂಡಲೇ ಅವರಿಗೆ ಗೊತ್ತಾಗಿತ್ತು.

ರಾತ್ರಿ ಲಾಡ್ಜ್‌ಪೋಲ್ ಕ್ಯಾಂಪಿನಲ್ಲಿ ಇಳಿದೆವು. ಈ ಪಾರ್ಕಿನ ಕ್ಯಾಂಪುಗಳಲ್ಲಿ ಆರ್‌ವಿಗೆ ಕರೆಂಟ್, ನೀರಿನ ಸಂಪರ್ಕ ಇರುವುದಿಲ್ಲ. ಟ್ಯಾಂಕಿನಲ್ಲಿ ತುಂಬಿಕೊಂಡು ಬಂದ ನೀರು, ಸಿಲಿಂಡರಿನ ಗ್ಯಾಸ್, ಬ್ಯಾಟರಿ, ಇಷ್ಟರಲ್ಲೇ ಸಂಸಾರ. ಜನರೇಟರ್ ಹಾಕಲು ಇಂಥ ಹೊತ್ತು ಎಂದು ನಿಗದಿ ಇದೆ. ಅಮ್ಮ ಪಾತ್ರೆ ತೊಳೆಯುವ ನೀರನ್ನು ಎಷ್ಟು ಹಿಡಿತದಲ್ಲಿ ಬಳಸಿದರೆಂದರೆ ನಮ್ಮ ಟ್ಯಾಂಕು ಕೊನೆಯವರೆಗೂ ಬಂತು. ಬಾವಿ ಸೇದಿದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದಾಗ ಮಾತ್ರ ಗಾಡಿಯ ಹೊಗೆ ಅಲಾರಂ ಜೋರಾಗಿ ಕೂಗಿತು. ಬಾಗಿಲು, ಕಿಟಕಿ ಎಲ್ಲ ತೆಗೆದು, ಟವೆಲ್ ಬೀಸಿದ ಮೇಲೆ ನಿಂತಿತು.

ಕರಡಿಗಳ ಊರಾದ್ದರಿಂದ ಪ್ರತಿ ಜಾಗದಲ್ಲೂ ಕಬ್ಬಿಣದ ದೊಡ್ಡ ಪೆಟ್ಟಿಗೆ ಇಟ್ಟಿದ್ದಾರೆ. ತಿನ್ನುವ ಪದಾರ್ಥ ಅಷ್ಟೇ ಅಲ್ಲ, ಸೋಪು, ಟೂತ್‌ಪೇಸ್ಟ್, ವಾಸನೆ ಇರುವ ಏನನ್ನೂ ಹೊರಗೆ ಬಿಡುವ ಹಾಗಿಲ್ಲ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಜನರ ಹತ್ತಿರ ಬರುತ್ತದೆ, ಕೊನೆಗೆ ಅದನ್ನೇ ಕೊಲ್ಲಬೇಕಾಗುತ್ತದೆ. ಪೆಟ್ಟಿಗೆಯ ಚಿಲಕ ಕರಡಿಯ ಪಂಜಕ್ಕೆ ಸಿಗದ ಹಾಗೆ ಮಾಡಿರುವುದನ್ನು ಅಪ್ಪ ಟಾರ್ಚ್ ಬಿಟ್ಟು ನೋಡಿದರು. ಮಗಳಿಗೂ ತೋರಿಸಿದರು.

ಬೆಳಗ್ಗೆ ಆರ್‌ವಿಯನ್ನು ಕ್ಯಾಂಪಿನಲ್ಲೇ ಬಿಟ್ಟು ಪಾರ್ಕಿನ ಶಟಲ್ ಬಸ್ಸಿನಲ್ಲಿ ಹೋದೆವು. ಬೇಸಿಗೆಯಲ್ಲಿ ಈ ಬಸ್ಸಿಗೆ ದುಡ್ಡಿಲ್ಲ. ಮೇಲ್ಗಡೆಯ ಪಾರ್ಕಿಂಗಿನಿಂದ ಜಗತ್ತಿನ ಅತಿ ದೊಡ್ಡ ಮರವಾದ ಜನರಲ್ ಶರ್ಮನ್‌ವರೆಗೆ ಅರ್ಧ ಮೈಲಿ ಇಳಿಜಾರು. ಇಳಿಯುವುದು ಸುಲಭ. ಆದರೆ ಇದು ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಮೇಲೆ, ವಾಪಸ್ ಹತ್ತುವಾಗ ವಯಸ್ಸಾದವರಿಗೆ ಉಸಿರು ಸಾಲದು. ಕೆಳಗಿನ ರಸ್ತೆಯಲ್ಲೂ ಬಸ್ ನಿಲ್ಲುತ್ತದೆ. ಮಂಡಿನೋವಿನ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಹೋಗುವವರು ಅಲ್ಲಿಂದ ವಾಪಸ್ ಹೊರಡಿ.

ಶರ್ಮನ್ ಮರದ ಎತ್ತರ 83.8 ಮೀಟರ್. ಬುಡದ ಸುತ್ತಳತೆ 31 ಮೀಟರ್. ಇದಕ್ಕಿಂತ ಎತ್ತರದ ಮರಗಳು ಇದೇ ರಾಜ್ಯದ ಕರಾವಳಿಯಲ್ಲಿವೆ, ಇದಕ್ಕಿಂತ ಹಳೆಯವೂ ಇದೇ ರಾಜ್ಯದ ಬೆಟ್ಟಗಳಲ್ಲಿವೆ. ಶರ್ಮನ್ ದೊಡ್ಡದೆನ್ನಿಸಿಕೊಂಡಿರುವುದು ಮರದ ಗಾತ್ರದಿಂದ. ಕಾಂಡ ಒಂದರಲ್ಲೇ 1,487 ಘನ ಮೀಟರ್ ಮರ ಇದೆ. ಒಂದೇ ಕಾಂಡದ ಬದುಕಿರುವ ಮರಗಳಲ್ಲಿ ಇಷ್ಟು ಬೇರೆ ಯಾವುದರಲ್ಲೂ ಇಲ್ಲ. ತುದಿ ಸತ್ತಿದೆ, ಎತ್ತರಕ್ಕೆ ಬೆಳೆಯುವುದು ನಿಂತಿದೆ. ಆದರೂ ವರ್ಷ ವರ್ಷ ದಪ್ಪವಾಗುತ್ತಲೇ ಇದೆ. ವಯಸ್ಸು ಸುಮಾರು 2,200 ವರ್ಷ. ಹಲ್ಮಿಡಿಯಲ್ಲಿ ಕಲ್ಲಿನ ಮೇಲೆ ಕನ್ನಡ ಕೆತ್ತುವ ಹೊತ್ತಿಗೆ ಈ ಮರಕ್ಕೆ ಆರುನೂರು ವರ್ಷ ದಾಟಿತ್ತು. ಇಲ್ಲಿ ಭಾನುವಾರದ ಕನ್ನಡ ತರಗತಿಗೆ ಹೋಗುವ ಮಗಳಿಗೆ ಹಾಗೆ ಹೇಳಿದೆ. ಅವಳು ತಲೆ ಎತ್ತಿ ಮರವನ್ನು ಮತ್ತೆ ನೋಡಿದಳು.

ಅಮ್ಮ ಕೈ ಮುಗಿದರು. ಅಮ್ಮನಿಗೆ ಇದು ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಭಾರ್ಗವಿ ಹೊಳೆಯ ದಂಡೆಯಲ್ಲಿ ದೊಡ್ಡ ಸಂಪಿಗೆ ಇದೆ. ಸೋಲಿಗರಿಗೆ ಅದು ದೇವರು. ಬುಡದಲ್ಲಿ ಕಲ್ಲುಗಳಿಗೆ ಪೂಜೆ ಆಗುತ್ತದೆ, ಚಪ್ಪಲಿ ಬಿಟ್ಟೇ ಹತ್ತಿರ ಹೋಗಬೇಕು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋಗಿ ನಾನೂ ನೋಡಿದ್ದೇನೆ. ಹಬ್ಬಿಕೊಂಡ ಬೇರುಗಳು, ಮರದ ಮೇಲೆ ಇನ್ನಷ್ಟು ಗಿಡ, ಪಾಚಿ, ಸೀತೆದಂಡೆ. ಅಲ್ಲಿ ಮರಕ್ಕೆ ಕಾವಲು ಭಕ್ತಿ. ಇಲ್ಲಿ ಮರದ ಸುತ್ತ ಮರದ ಬೇಲಿ. ಸೆಕ್ವೋಯಾದ ಬೇರುಗಳು ಆಳಕ್ಕೆ ಹೋಗದೆ ಮೇಲೆ ಮೇಲೆಯೇ ಬಹಳ ದೂರ ಹರಡಿಕೊಂಡಿರುತ್ತವೆ. ವರ್ಷಕ್ಕೆ ಲಕ್ಷಗಟ್ಟಲೆ ಜನ ತುಳಿದರೆ ಮಣ್ಣು ಗಟ್ಟಿಯಾಗಿ ನೀರು ಇಳಿಯುವುದಿಲ್ಲ.

ಶರ್ಮನ್ ಮರಕ್ಕೆ ಒಂದು ಹಳೆಯ ಹೆಸರೂ ಇತ್ತು. 1880ರ ದಶಕದಲ್ಲಿ ಕವೀಯ ಕಾಲೊನಿ ಎಂಬ ಸಮಾಜವಾದಿ ಗುಂಪು ಈ ಬೆಟ್ಟದ ಕೆಳಗೆ ನೆಲೆಸಿ, ಎಲ್ಲರೂ ಸಮಾನವಾಗಿ ದುಡಿದು ಬದುಕುವ ಊರು ಕಟ್ಟಲು ಹೊರಟಿತ್ತು. ಅವರು ಈ ಮರವನ್ನು ಕಾರ್ಲ್ ಮಾರ್ಕ್ಸ್ ಮರ ಎಂದು ಕರೆದಿದ್ದರು. ಮರದ ವ್ಯಾಪಾರಕ್ಕೆಂದು ಗುದ್ದಲಿ ಪಿಕಾಸಿ ಹಿಡಿದು ಬೆಟ್ಟಕ್ಕೆ ರಸ್ತೆಯನ್ನೂ ಕಡಿದರು. 1890ರ ಸೆಪ್ಟೆಂಬರ್ 25ರಂದು ಪಾರ್ಕ್ ಆಯಿತು, ಅವರ ಕನಸು ಮುಗಿಯಿತು. ಆ ರಸ್ತೆಯನ್ನು ಜೈಂಟ್ ಫಾರೆಸ್ಟ್‌ವರೆಗೆ ಮುಟ್ಟಿಸಿದ್ದು 1903ರಲ್ಲಿ ಬಂದ ಕ್ಯಾಪ್ಟನ್ ಚಾರ್ಲ್ಸ್ ಯಂಗ್ ಮತ್ತು ಅವರ ಕರಿಯ ಸೈನಿಕರು. ಆಗ ಪಾರ್ಕಿಗೆ ಕಾವಲು ಸೈನ್ಯದ್ದೇ. ಗುಲಾಮರ ಮನೆಯಲ್ಲಿ ಹುಟ್ಟಿ, ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಓದಿದ ಯಂಗ್ ಆ ಬೇಸಿಗೆ ಪಾರ್ಕಿನ ಮೇಲ್ವಿಚಾರಕರಾಗಿದ್ದರು. ನಿಮ್ಮ ಹೆಸರನ್ನು ಒಂದು ಮರಕ್ಕೆ ಇಡುತ್ತೇವೆ ಎಂದಾಗ ಅವರು ಬೇಡವೆಂದು, ಕರಿಯರ ಶಿಕ್ಷಣಕ್ಕೆ ದುಡಿದ ಬುಕರ್ ಟಿ. ವಾಷಿಂಗ್ಟನ್ ಹೆಸರು ಇಡಿಸಿದರು. ಯಂಗ್ ಹೆಸರಿನ ಮರ ಆದದ್ದು ನೂರು ವರ್ಷ ಕಳೆದ ಮೇಲೆ. ಕಾಡಿನಲ್ಲಿ ದುಡಿದವರ ಹೆಸರು ಉಳಿಯುವುದು ಅಪರೂಪ. ಅಪ್ಪ ಈ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು.

ಶರ್ಮನ್ ಹತ್ತಿರದಿಂದ ಹೊರಡುವ ಕಾಂಗ್ರೆಸ್ ಟ್ರೈಲ್ ಎಂಬ ಕಾಲುದಾರಿಯಲ್ಲಿ ಜನ ಕಡಿಮೆ. ಅಪ್ಪನಿಗೆ ನಿಜವಾದ ಕಾಡು ಸಿಕ್ಕಿದ್ದು ಇಲ್ಲಿ. ಪ್ರತಿ ದೊಡ್ಡ ಮರದ ಬುಡದಲ್ಲೂ ಕಪ್ಪು ಗಾಯ. ಕೆಲವು ಗಾಯಗಳ ಒಳಗೆ ನಾವೆಲ್ಲ ನಿಲ್ಲಬಹುದಿತ್ತು. ಮರ ಪಕ್ಕದಿಂದ ಹೊಸ ತೊಗಟೆ ತಂದು ಗಾಯ ಮುಚ್ಚುತ್ತಾ ಬರುತ್ತದೆ, ಇನ್ನೊಂದು ಬೆಂಕಿ ಬಂದು ಮತ್ತೆ ತೆರೆಯುತ್ತದೆ. ತೊಗಟೆ ಒಂದೂವರೆ ಅಡಿಯವರೆಗೂ ದಪ್ಪ, ಒತ್ತಿದರೆ ಮೆತ್ತಗೆ. ಪೈನ್ ಮರದ ಹಾಗೆ ರಾಳ ಇಲ್ಲ, ಆದ್ದರಿಂದ ಬೇಗ ಹೊತ್ತಿಕೊಳ್ಳುವುದಿಲ್ಲ. ಹಳೆಯ ಬುಡಗಳ ಉಂಗುರಗಳಲ್ಲಿ ಬೆಂಕಿಯ ಗುರುತುಗಳನ್ನು ಓದಿದವರು ಹೇಳುವ ಪ್ರಕಾರ ಇಲ್ಲಿ ಮೊದಲು ಕೆಲವೇ ವರ್ಷಗಳಿಗೊಮ್ಮೆ ಬೆಂಕಿ ಬರುತ್ತಿತ್ತು. ಕೆಲವು ಸಿಡಿಲಿನಿಂದ, ಕೆಲವು ಇಲ್ಲಿನ ಮೋನೋ, ಯೋಕುಟ್ಸ್ ಜನ ತಾವೇ ಹಚ್ಚಿದ್ದು. ನೆಲದ ಮೇಲೆ ಹರಿದುಹೋಗುವ ಸಣ್ಣ ಬೆಂಕಿ.

ಮರಿ ಹುಟ್ಟುವುದೂ ಆ ಬೆಂಕಿಯಿಂದಲೇ. ಸೆಕ್ವೋಯಾದ ಕಾಯಿ ಕೋಳಿಮೊಟ್ಟೆಯಷ್ಟು. ಹಸಿರಾಗಿ, ಬಾಯಿ ಮುಚ್ಚಿಕೊಂಡು 20 ವರ್ಷದವರೆಗೂ ಕೊಂಬೆಯಲ್ಲೇ ಇರಬಲ್ಲದು. ಒಳಗಿನ ಬೀಜ ಕೆಲವೇ ಮಿಲಿಮೀಟರ್ ಉದ್ದ. ಅಳಿಲು ಕಡಿದು, ಒಂದು ಜಾತಿಯ ಹುಳ ಕೊರೆದು ಒಂದಿಷ್ಟು ಬೀಜ ಉದುರುತ್ತವೆ. ಆದರೆ ತರಗಿನ ಮೇಲೆ ಬಿದ್ದ ಬೀಜದ ಬೇರು ಮಣ್ಣು ಮುಟ್ಟುವ ಮೊದಲೇ ಒಣಗುತ್ತದೆ. ಕೆಳಗೆ ಬೆಂಕಿ ಹರಿದಾಗ ಬಿಸಿ ಮೇಲೇರಿ ಕಾಯಿ ಒಣಗುತ್ತದೆ, ಬಾಯಿ ಬಿಡುತ್ತದೆ, ಬೀಜದ ಮಳೆಯೇ ಸುರಿಯುತ್ತದೆ. ಅಷ್ಟು ಹೊತ್ತಿಗೆ ತರಗು ಸುಟ್ಟು ಮಣ್ಣು ಬಯಲಾಗಿರುತ್ತದೆ. ನೆರಳು ಮಾಡುತ್ತಿದ್ದ ಸಣ್ಣ ಮರಗಳು ಸತ್ತು ಬಿಸಿಲೂ ಬೀಳುತ್ತದೆ.

ಪಾರ್ಕ್ ಆದ ಮೇಲೆ ಎಲ್ಲ ಬೆಂಕಿಯನ್ನೂ ಆರಿಸಿದರು. ಮರಗಳ ಮೇಲಿನ ಪ್ರೀತಿಯಿಂದಲೇ ಆರಿಸಿದರು. ಐವತ್ತು ಅರವತ್ತು ವರ್ಷ ಕಳೆಯಿತು. ದೊಡ್ಡ ಮರಗಳ ಕೆಳಗೆ ಫರ್ ಎಂಬ ಸೂಜಿಯೆಲೆಯ ಮರಗಳು ಒತ್ತೊತ್ತಾಗಿ ಬೆಳೆದವು, ತರಗು ಮೊಣಕಾಲುದ್ದ ಸೇರಿತು, ಸೆಕ್ವೋಯಾ ಸಸಿ ಮಾತ್ರ ಕಾಣೆಯಾಯಿತು. 1960ರ ದಶಕದಲ್ಲಿ ರಿಚರ್ಡ್ ಹಾರ್ಟೆಸ್‌ವೆಲ್ಟ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ರೆಡ್‌ವುಡ್ ಮೌಂಟನ್ ತೋಪಿನಲ್ಲಿ ಸಣ್ಣ ಸಣ್ಣ ಬೆಂಕಿ ಹಚ್ಚಿ ನೋಡಿದರು. ಸುಟ್ಟ ನೆಲದಲ್ಲಿ ಸಸಿಗಳು ಎದ್ದವು. ಅಲ್ಲಿಂದ ಪಾರ್ಕಿನ ದಾರಿ ಬದಲಾಯಿತು. ತಾವೇ ಯೋಚಿಸಿ, ಹದ ನೋಡಿ ಬೆಂಕಿ ಹಚ್ಚುವುದು ಶುರುವಾಯಿತು.

ಅಪ್ಪ ಟ್ರೈಲಿನ ಬೆಂಚಿನ ಮೇಲೆ ಕುಳಿತು ಇದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು. "ಸೋಲಿಗರು ಇದಕ್ಕೆ ತರಗು ಬೆಂಕಿ ಅಂತಾರೆ."

ನಾನು ಅಪ್ಪನ ಬಾಯಲ್ಲಿ ಆ ಮಾತು ಮೊದಲ ಸಲ ಕೇಳಿದ್ದು. ಬೇಸಿಗೆ ಶುರುವಿನಲ್ಲೇ, ತರಗು ತೆಳುವಾಗಿ, ನೆಲದಲ್ಲಿ ಇನ್ನೂ ತಂಪು ಇರುವಾಗ ಸೋಲಿಗರು ಕಾಡಿಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಓಡಾಡಲು ದಾರಿ ಬಯಲಾಗುತ್ತಿತ್ತು, ಹೊಸ ಹುಲ್ಲು ಬರುತ್ತಿತ್ತು, ನೆಲ್ಲಿ ಮರಕ್ಕೆ ಹತ್ತಿಕೊಳ್ಳುವ ಉಪ್ಪಿಲು ಗಿಡ ಹತೋಟಿಯಲ್ಲಿರುತ್ತಿತ್ತು. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ಬೆಂಕಿ ನಿಂತಿತು. ಆಮೇಲೆ ಲಂಟಾನ ಎಂಬ ಹೊರಗಿನಿಂದ ಬಂದ ಪೊದೆ ಎದ್ದಿತು. ಈಗ ಎಷ್ಟೋ ಕಡೆ ಆಳೆತ್ತರ ಬೆಳೆದು ಒಳಗೆ ಕಾಲಿಡಲು ಜಾಗವಿಲ್ಲ. ಪರಿಸರ ಅಧ್ಯಯನ ಮಾಡುವ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರ ಜೊತೆ ಕೆಲಸ ಮಾಡಿ ಈ ಮಾತುಗಳನ್ನು ದಾಖಲಿಸಿದ್ದಾರೆ. ಬೆಂಕಿ ನಿಲ್ಲಿಸಿದ್ದರಿಂದಲೇ ಲಂಟಾನ ಬಂತು ಎಂಬುದು ಸೋಲಿಗ ಹಿರಿಯರ ಮಾತು.

"ನನ್ನ ಜೊತೆ ಇದ್ದ ವಾಚರ್ ಒಬ್ಬ ಸೋಲಿಗ. ಪ್ರತಿ ವರ್ಷ ಹೇಳೋನು. ಸಾರ್, ಚಿಕ್ಕ ಬೆಂಕಿ ಬಿಡಲಿಲ್ಲ ಅಂದ್ರೆ ದೊಡ್ಡ ಬೆಂಕಿ ಬರುತ್ತೆ ಅಂತ. ಹೇಳಿಬಿಟ್ಟು ನನ್ನ ಜೊತೇನೇ ಬಂದು ಬೆಂಕಿ ಆರಿಸೋನು."

"ತಾತ, ನೀವು ಏನು ಹೇಳ್ತಿದ್ರಿ?" ಎಂದು ಮಗಳು ಕೇಳಿದಳು.

"ಕಾನೂನು ಹಾಗಿಲ್ಲ ಕಣಪ್ಪ ಅಂತಿದ್ದೆ."

ಅಪ್ಪನ ದನಿಯಲ್ಲಿ ಬೇಸರ ಇರಲಿಲ್ಲ. ಆರಿಸಿದ್ದರ ಬಗ್ಗೆ ಅವರಿಗೆ ಹೆಮ್ಮೆಯೇ ಇದೆ, ನನಗೂ ಇದೆ. ಏಪ್ರಿಲ್ ಬಿಸಿಲಿನಲ್ಲಿ, ಗಾಳಿಯಲ್ಲಿ ಹತ್ತಿದ ಬೆಂಕಿಯನ್ನು ಬಿಟ್ಟು ನೋಡಲು ಆಗುವುದಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಸುಟ್ಟಾಗ ಸಾವಿರಾರು ಎಕರೆ ಹೋಯಿತು. ಆಗ ನಿವೃತ್ತರಾಗಿದ್ದರೂ ಅಪ್ಪ ಟಿವಿ ಮುಂದೆ ಕೂರಲಾರದೆ ಒದ್ದಾಡಿದ್ದರು. ಜೊತೆಗೆ ಅವರು ಇನ್ನೊಂದು ಮಾತನ್ನೂ ಒತ್ತಿ ಹೇಳಿದರು. ಇಲ್ಲಿಯ ಲೆಕ್ಕ ಅಲ್ಲಿಗೆ ಹಾಗೇ ಹಾಕಬಾರದು. ನಮ್ಮದು ಎಲೆ ಉದುರುವ ಕಾಡು, ಬೆಟ್ಟದ ಮೇಲೆ ಶೋಲಾ ಎಂಬ ಹಸಿರು ಕಾಡು. ಲಂಟಾನ ತುಂಬಿದ ಮೇಲೆ ಇವತ್ತು ಕಡ್ಡಿ ಗೀರಿದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ, ಲಂಟಾನದ ಮೇಲೆ ಹತ್ತಿ ಮರದ ತಲೆಗೆ ಹೋಗುತ್ತದೆ. ಮೊದಲು ಲಂಟಾನ ತೆಗೆಯಬೇಕು. ಯಾವ ಜಾಗ, ಯಾವ ತಿಂಗಳು ಎಂಬುದನ್ನು ಅಲ್ಲೇ ಹುಟ್ಟಿ ಬೆಳೆದವರನ್ನು ಕೂರಿಸಿಕೊಂಡು ಕೇಳಬೇಕು. ಇಷ್ಟನ್ನು ಅವರು ಇಲಾಖೆಯ ಮೀಟಿಂಗಿನಲ್ಲಿ ಮಾತಾಡುವವರ ಹಾಗೆ, ಒಂದೊಂದೇ ಬೆರಳು ಮಡಿಸುತ್ತಾ ಹೇಳಿದರು.

ಮಧ್ಯಾಹ್ನ ಜೈಂಟ್ ಫಾರೆಸ್ಟ್ ಮ್ಯೂಸಿಯಮ್ಮಿಗೆ ಹೋದೆವು. ನನಗೆ ಇಡೀ ಪ್ರವಾಸದಲ್ಲಿ ತುಂಬಾ ಮನಸ್ಸಿಗೆ ಬಂದ ಜಾಗ ಇದು. ಇಲ್ಲಿ ಮೊದಲು ಒಂದು ಊರೇ ಇತ್ತು. ತಂಗುವ ಕ್ಯಾಬಿನ್‌ಗಳು, ಹೋಟೆಲ್, ಅಂಗಡಿ, ಪೆಟ್ರೋಲ್ ಬಂಕ್, ಕ್ಯಾಂಪ್ ಜಾಗಗಳು, ಎಲ್ಲವೂ ಸೆಕ್ವೋಯಾಗಳ ನಡುವೆ, ಬೇರುಗಳ ಮೇಲೆ. ಹಳೆಯ ಫೋಟೋಗಳಲ್ಲಿ ಮರದ ಬುಡಕ್ಕೇ ತಾಗಿಸಿ ಕಾರು ನಿಲ್ಲಿಸಿದ್ದಾರೆ. ಕ್ಯಾಬಿನ್ ಮೇಲೆ ಬೀಳಬಹುದೆಂದು ಮರಗಳನ್ನೇ ಕಡಿದದ್ದೂ ಇದೆ. ಮರ ನೋಡಲು ಬಂದವರ ಅನುಕೂಲಕ್ಕೆ ಮರ ಕಡಿದರು! 1920, 30ರ ದಶಕಗಳಲ್ಲೇ ಮೇಲ್ವಿಚಾರಕ ಜಾನ್ ವೈಟ್ ಈ ಊರನ್ನು ಇಲ್ಲಿಂದ ಎತ್ತಬೇಕೆಂದು ಹಟ ಹಿಡಿದಿದ್ದರು. ಹೋಟೆಲ್ ನಡೆಸುವವರು ಒಪ್ಪಲಿಲ್ಲ. ಜನಕ್ಕೂ ಬೇಡವಾಗಿತ್ತು. ಮರಗಳ ಕೆಳಗೆ ಮಲಗುವ ಸುಖ ಯಾರಿಗೆ ಬೇಡ, ಅಲ್ವಾ?

ಕೊನೆಗೆ 1990ರ ದಶಕದ ಕೊನೆಯಲ್ಲಿ 282 ಕಟ್ಟಡಗಳನ್ನು ತೆಗೆದರು. ಡಾಂಬರು ಕಿತ್ತರು, ಪೈಪು ಕಿತ್ತರು, ಗಟ್ಟಿಯಾದ ಮಣ್ಣನ್ನು ಸಡಿಲ ಮಾಡಿ ಅಲ್ಲಿಯದೇ ಗಿಡ ನೆಟ್ಟರು. ವಸತಿಯನ್ನು ಸೆಕ್ವೋಯಾ ಇಲ್ಲದ ಬೇರೆ ಜಾಗಕ್ಕೆ ಸಾಗಿಸಿದರು. ಉಳಿದಿರುವುದು ಹಳೆಯ ಅಂಗಡಿಯಂಥ ಒಂದೆರಡು ಕಟ್ಟಡ ಮತ್ತು ಕೆಲವು ಗುರುತುಗಳು. ಮ್ಯೂಸಿಯಮ್ ಇರುವುದು ಆ ಅಂಗಡಿಯಲ್ಲೇ. ಹೊರಗೆ ಬಂದು ನಿಂತರೆ ಇಲ್ಲಿ ಊರು ಇತ್ತೆಂದು ಹೇಳಲು ಆಗುವುದಿಲ್ಲ.

ಶರ್ಮನ್ ಮರವನ್ನು ಮನುಷ್ಯರು ಮಾಡಲಿಲ್ಲ. ಈ ಖಾಲಿ ಜಾಗವನ್ನು ಮನುಷ್ಯರು ಮಾಡಿದರು. ದುಡ್ಡು ಬರುತ್ತಿದ್ದ, ಜನ ಇಷ್ಟಪಟ್ಟಿದ್ದ, ಎಂಬತ್ತು ವರ್ಷದ ನೆನಪುಗಳಿದ್ದ ಊರನ್ನು ಬೇರುಗಳಿಗೋಸ್ಕರ ಕಳಚಿ ಒಯ್ದರು. ಜಲಪಾತದ ನೆತ್ತಿಯ ಮೇಲೇ ಹೋಂಸ್ಟೇ ಏಳುವ ಕಾಲದಲ್ಲಿ ಬೆಳೆದ ನನಗೆ ಇದು ಆಗುವ ಕೆಲಸ ಎಂದು ಕಣ್ಣಾರೆ ನೋಡಬೇಕಾಗಿತ್ತು. ಅಪ್ಪನಿಗೆ 282 ಎಂಬ ಸಂಖ್ಯೆ ನಂಬಿಕೆಯಾಗಲಿಲ್ಲ. ಫಲಕವನ್ನು ನನ್ನಿಂದ ಮತ್ತೆ ಓದಿಸಿದರು. ಗಾಡಿ ಹೋಗಬಾರದ ರಸ್ತೆ, ಕರೆಂಟಿಲ್ಲದ ಕ್ಯಾಂಪು, ದೂರದ ಪಾರ್ಕಿಂಗು, ನಮಗೆ ಕಷ್ಟ ಅನ್ನಿಸಿದ್ದೆಲ್ಲ ಇದೇ ತೀರ್ಮಾನದ ಭಾಗ ಎಂದು ನನಗೆ ಆಗ ಹೊಳೆಯಿತು.

ಮ್ಯೂಸಿಯಮ್ಮಿನಲ್ಲಿ ಒಬ್ಬ ರೇಂಜರ್ ಸಿಕ್ಕರು. ಅಪ್ಪ ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಂಡೇ ಬಂದವರ ಹಾಗೆ ಕೇಳತೊಡಗಿದರು, ನಾನು ನಡುವೆ ನಿಂತು ಎರಡೂ ಕಡೆಗೆ ಹೇಳಿದೆ. ಬೆಂಕಿ ಹಚ್ಚುವ ದಿನ ಹೇಗೆ ಗೊತ್ತು ಮಾಡುತ್ತಾರೆ? ತರಗಿನ ತೇವ, ಗಾಳಿ, ಇಳಿಜಾರು ನೋಡುತ್ತಾರೆ. ಕೆಳಗಿನ ಸ್ಯಾನ್ ವಾಕೀನ್ ಕಣಿವೆಯ ಊರುಗಳಿಗೆ ಹೊಗೆ ತುಂಬಬಾರದು, ಆದ್ದರಿಂದ ಗಾಳಿಯ ಗುಣಮಟ್ಟ ನೋಡುವವರ ಒಪ್ಪಿಗೆಯೂ ಬೇಕು. ಎಲ್ಲವೂ ಕೂಡಿಬರುವ ದಿನಗಳು ವರ್ಷದಲ್ಲಿ ಕಡಿಮೆ. ಹಾಗಾಗಿ ಸುಡಬೇಕಾದಷ್ಟು ಜಾಗ ಸುಡಲು ಆಗುತ್ತಿಲ್ಲ. 2021ರ ಬೆಂಕಿ ಬಂದಾಗ ಶರ್ಮನ್ ಮರದ ಬುಡಕ್ಕೆ ಬೆಂಕಿ ತಡೆಯುವ ಅಲ್ಯೂಮಿನಿಯಂ ಹೊದಿಕೆ ಸುತ್ತಿದ್ದರು, ಆ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಜೈಂಟ್ ಫಾರೆಸ್ಟ್ ಉಳಿಯಲು ಹೊದಿಕೆಗಿಂತ ದೊಡ್ಡ ಕಾರಣ ದಶಕಗಳಿಂದ ಅಲ್ಲಿ ಹಚ್ಚಿಕೊಂಡು ಬಂದ ಸಣ್ಣ ಬೆಂಕಿಗಳು. ಬೆಂಕಿ ತಲೆಗೆ ಹತ್ತಲು ಕೆಳಗೆ ಹೆಚ್ಚು ಸೌದೆ ಇರಲಿಲ್ಲ.

ಸುಟ್ಟುಹೋದ ತೋಪುಗಳ ಕಥೆ ಇನ್ನೂ ಮುಗಿದಿಲ್ಲ. ಬೆಂಕಿ ತೀರಾ ಜೋರಾದ ಕಡೆ ಮರದ ಜೊತೆ ಕಾಯಿಗಳೂ ಬೂದಿಯಾದವು, ಬೀಜ ಕೊಡಲು ಯಾರೂ ಉಳಿಯಲಿಲ್ಲ. 2023ರಲ್ಲಿ ಅಂಥ ಕಡೆ ಸಸಿ ನೆಡಲು ಪಾರ್ಕು ತೀರ್ಮಾನ ಮಾಡಿತು. ಮನುಷ್ಯರ ಕೈ ಸೋಕದ ಕಾಡೆಂದು ಕಾನೂನೇ ಗುರುತಿಸಿದ ಜಾಗದಲ್ಲಿ ನೆಡುವುದು ತಪ್ಪು, ಕಾಡು ತಾನೇ ಎದ್ದೀತು ಎಂದು ಕೆಲವರು ವಿರೋಧಿಸಿದರು. ನಾನು ನೆಡುವವರ ಕಡೆ. ನೂರು ವರ್ಷ ಬೆಂಕಿ ತಡೆದು, ಭೂಮಿಯನ್ನೂ ಬಿಸಿ ಮಾಡಿ, ಈಗ ನಮ್ಮ ಕೈ ಸೋಕಬಾರದು ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಅಪ್ಪ ಹೇಳಿದ್ದು ಬೇರೆ. ನೆಡುವುದು ದೊಡ್ಡದಲ್ಲ, ನೆಟ್ಟ ಸಸಿ ಮೂರು ಬೇಸಿಗೆ ದಾಟಬೇಕು, ಅಲ್ಲಿಯವರೆಗೆ ಅದನ್ನು ಹೋಗಿ ನೋಡುವ ಒಬ್ಬ ಮನುಷ್ಯ ಇರಬೇಕು.

ವಾಪಸ್ ಬರುವಾಗ ಫ್ರೆಸ್ನೋ ತಲುಪುವವರೆಗೆ ಫೋನಿಗೆ ಸಿಗ್ನಲ್ ಸರಿಯಾಗಿ ಇರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಅಪ್ಪ ಬೆಟ್ಟದ ಆ ಹಳೆಯ ವಾಚರಿಗೆ ಫೋನ್ ಹಚ್ಚಿದರು. ನಮಗೆ ಸಂಜೆ, ಅಲ್ಲಿ ಬೆಳಗ್ಗೆ. ಮೊಟ್ಟೆ ಗಾತ್ರದ ಕಾಯಿ, ಒಂದೂವರೆ ಅಡಿ ತೊಗಟೆ, ಬುಡದ ಕಪ್ಪು ಗಾಯ, ಸರ್ಕಾರದವರೇ ಹಾಕುವ ತರಗು ಬೆಂಕಿ, ಒಂದನ್ನೂ ಬಿಡದೆ ಹೇಳಿದರು. ಆ ಕಡೆಯವರು ನಡುವೆ ಒಂದು ಪ್ರಶ್ನೆ ಕೇಳಿದ್ದು ಸ್ಪೀಕರಿನಲ್ಲಿ ನಮಗೂ ಕೇಳಿಸಿತು.

"ಅಲ್ಲೂ ಲಂಟಾನ ಐತಾ ಸಾರ್?"

"ಇಲ್ಲ ಕಣಪ್ಪ. ಇಲ್ಲಿ ಫರ್ ಅಂತ ಒಂದು ಮರ, ಅದು ಹಾಗೇ ತುಂಬಿಕೊಂಡುಬಿಟ್ಟೈತೆ," ಎಂದು ಶುರು ಮಾಡಿದರು ಅಪ್ಪ. ನನ್ನ ಗಂಡ ಟ್ಯಾಂಕು ತುಂಬಿಸಿ, ಗಾಜು ಒರೆಸಿ, ಟೈರಿನ ಗಾಳಿ ನೋಡಿ ಬಂದ. ಮಾತು ಇನ್ನೂ ನೆಲ್ಲಿ ಮರದ ಉಪ್ಪಿಲಿನ ಹತ್ತಿರವೇ ಇತ್ತು.